ಭಿಸ್ತಿಯ ಪಾದ

ಭಾಲ್ಕಿ
೨ ನವೆಂಬರ ೧೯೪೬

ಖುರ್ಷಿದ್,

ಕುಶಲವನ್ನು ಕೊನೆಯಲ್ಲಿ ಕೇಳುತ್ತೇನೆ, ಮೊದಲು ಜಗಳ. ನೀನು ಮೆಚ್ಚುವ ಆ ಓಡಾಡುವ ಚಿತ್ರ ಬರೆಯುವವರು, ಆಯಿನಾ ಕಾರಖಾನೆಯವರು, ಕೆಟ್ಟುಹೋದರು.

ಮೊನ್ನೆ ಇಲ್ಲಿ ಸ್ಟೇಶನ್ ಬಯಲಿನಲ್ಲಿ ತಂಬೂ ಸಿನಿಮಾ ಹಾಕಿದ್ದರು. ದೊಡ್ಡ ಸಿನಿಮಾಕ್ಕೆ ಮುಂಚೆ ಏಳು ನಿಮಿಷ ನಮ್ಮ ಭಿಸ್ತಿ ಬಂದ. ಅದೇ ಬರೆದ ಚಿತ್ರದ ಭಿಸ್ತಿ, ಬೆನ್ನಿಗೆ ಚರ್ಮದ ಚೀಲ ಹೊತ್ತು ಮನೆಮನೆಗೆ ನೀರು ಹಾಕುವವ. ಹೈದರಾಬಾದಿನಲ್ಲಿ ಓದುವಾಗ ಹಲ್ಲುನೋವೆಂದು ವಾರ್ಡನ್‌ಗೆ ಸುಳ್ಳು ಹೇಳಿ ನಾವಿಬ್ಬರೂ ಅವನ ಮೊದಲ ಚಿತ್ರ ನೋಡಿದ್ದು ನೆನಪಿದೆಯೆ? ಚೀಲದ ತೂತಿನಲ್ಲಿ ಒಂದು ಹನಿ ಹುಟ್ಟಿ, ಉದ್ದವಾಗಿ, ಕಡಿದು ನೆಲಕ್ಕೆ ಬಿದ್ದಾಗ ನೀನು ನನ್ನ ತೋಳು ಚಿವುಟಿದ್ದೆ. ಆ ಗುರುತು ಎಂಟು ದಿನ ಇತ್ತು. ಎರಡನೆಯ ಚಿತ್ರವನ್ನೂ ಒಪ್ಪುತ್ತೇನೆ. ಆದರೆ ಈ ಮೂರನೆಯದರಲ್ಲಿ ಮಹಾಶಯನಿಗೆ ಪಾದಗಳೇ ಇಲ್ಲ. ಎಲ್ಲಿ ನಡೆದರೂ ಮೊಣಕಾಲ ತನಕ ಏನಾದರೊಂದು ಅಡ್ಡ. ಒಮ್ಮೆ ಜೋಳದ ಹೊಲ, ಒಮ್ಮೆ ಗಿಡ್ಡ ಗೋಡೆ, ಒಮ್ಮೆ ಕುರಿಹಿಂಡಿನ ಧೂಳು. ಪಕ್ಕದಲ್ಲಿ ಕೂತಿದ್ದ ನಮ್ಮ ಅತ್ತೆ ಈರಮ್ಮನವರು ಕೇಳಿದರು: “ಈ ಮನಶ್ಯಾಗ ಕಾಲ ಇಲ್ಲೇನವಾ? ದೆವ್ವ ಗಿವ್ವ ಅದನೋ ಏನ?”

ನಾನು ನಕ್ಕೆ. ಆದರೆ ಒಳಗೆ ಸಿಟ್ಟು ಬಂತು. ಪಾದ ಬರೆಯಲು ಬಾರದವರು ಅದನ್ನು ಮುಚ್ಚಿಡುತ್ತಿದ್ದಾರೆ. ಆ ಕೆಲಸ ಮಾಡುವವ ಜನ್ಮದಲ್ಲಿ ಬರಿಗಾಲಲ್ಲಿ ನಡೆದಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ.

ನಿನ್ನ ಮದುವೆಗೆ ಬರಲಾಗಲಿಲ್ಲ. ನಿನ್ನ ಡ್ರಾಯಿಂಗ್ ಮಾಸ್ತರರು ಹೇಗಿದ್ದಾರೆ? ನಮ್ಮವರು ಸಾಲೆಗೆ ಹೋಗುತ್ತಾರೆ, ಬರುತ್ತಾರೆ, ಊಟ ಮಾಡುತ್ತಾರೆ. ಒಳ್ಳೆಯವರು.

ಶಿವಕಾಂತಾ

*

ಹೈದರಾಬಾದ
೨೫ ನವೆಂಬರ ೧೯೪೬

ಪ್ಯಾರಿ ಶಿವಕಾಂತಾ,

ನೀನೇ ಕಲಿಸಿದ ಕನ್ನಡ ಅಕ್ಷರದಲ್ಲಿ ನಿನ್ನನ್ನೇ ಬಯ್ಯುತ್ತೇನೆ, ತಪ್ಪಿದ್ದರೆ ತಿದ್ದಿಕೋ.

ಮೊದಲ ಚಿತ್ರದಲ್ಲಿ ಭಿಸ್ತಿಗೆ ಕಣ್ಣಿತ್ತೇನು? ಎರಡು ಚುಕ್ಕಿ. ನಿನಗೆ ಹನಿ ಕಂಡಿತು, ಅದೇ ಸಾಕಾಯಿತು. ಈ ಮೂರನೆಯದರಲ್ಲಿ ಅವನು ಬಾಯಾರಿದ ನಾಯಿಯನ್ನು ನೋಡುವುದನ್ನು ನೋಡಿದೆಯಾ? ಮೊದಲು ನಾಯಿ, ಆಮೇಲೆ ಖಾಲಿ ಚೀಲ, ಆಮೇಲೆ ಮತ್ತೆ ನಾಯಿ. ಅವನು ಅಲ್ಲಿ ಮನುಷ್ಯನಾದ. ನೀನು ಧೂಳಿನಲ್ಲಿ ಕಾಲು ಹುಡುಕುತ್ತ ಕೂತಿದ್ದೆ, ಬೇವಕೂಫ.

ಒಂದೊಂದು ಹೆಜ್ಜೆಗೆ ಹನ್ನೆರಡು ಚಿತ್ರ ಬೇಕು. ಗಾಜಿನಂಥ ಹಾಳೆಯ ಮೇಲೆ ಬರೆಯುತ್ತಾರೆ. ಲಡಾಯಿ ಮುಗಿದರೂ ಆ ಹಾಳೆ ಸಿಗುವುದಿಲ್ಲ. ಒಂದು ಚಿತ್ರದ ಫೋಟೋ ತೆಗೆದಾದ ಮೇಲೆ ಹಾಳೆಗಳನ್ನೆಲ್ಲ ಸೋಡಾ ನೀರಿನಲ್ಲಿ ತೊಳೆದು ಅದರ ಮೇಲೆಯೇ ಮುಂದಿನದನ್ನು ಬರೆಯುತ್ತಾರೆ. ನೀನು ಕಂಡ ಆ ಹನಿ ಎಂದೋ ಮೋರಿಯಲ್ಲಿ ಹರಿದುಹೋಯಿತು.

ಇದೆಲ್ಲ ನಿನಗೆ ಹೇಗೆ ಗೊತ್ತು ಎನ್ನುತ್ತೀಯಲ್ಲವೆ? ನನ್ನ ಡ್ರಾಯಿಂಗ್ ಮಾಸ್ತರು ಯಾವ ಸಾಲೆಯಲ್ಲೂ ಇಲ್ಲ, ಆಯಿನಾ ಕಾರಖಾನೆಯಲ್ಲಿದ್ದಾರೆ. ಸಿನಿಮಾದವ ಎಂದರೆ ನೀವೆಲ್ಲ ಏನೆನ್ನುತ್ತೀರೋ ಎಂದು ಹೇಳಿರಲಿಲ್ಲ. ಭಿಸ್ತಿಯ ಕಾಲು ಬರೆಯುವವ ಅಬ್ದುಲ್ ಸಮದ್ ನನ್ನ ಗಂಡ. ನಿನ್ನ ಪತ್ರ ಓದಿ ಹೇಳಿದೆ. ಹೊಟ್ಟೆ ಹಿಡಿದು ನಕ್ಕರು. “ಔರಾದದ ಕರಿ ಮಣ್ಣಿನ್ಯಾಗ ಹತ್ತ ವರ್ಷ ಬರಿಗಾಲಲೇ ಅಡ್ಡಾಡೇನಿ ಅಂತ ಬರಿ ನಿಮ್ಮ ಭಾಲ್ಕಿ ಬಾಯಿಗೆ” ಎಂದರು. ಆಮೇಲೆ ನಗೆ ನಿಂತಿತು. ನಾಲ್ಕು ದಿನದಿಂದ ಕನ್ನಡಿಯನ್ನು ನೆಲಕ್ಕೆ ಒರಗಿಸಿ ಅಂಗಳದಲ್ಲಿ ತಾವೇ ನಡೆಯುತ್ತಾರೆ, ತಮ್ಮ ಪಾದ ನೋಡಿಕೊಳ್ಳುತ್ತಾರೆ. ನೆರೆಯವರು ನನ್ನನ್ನು ಕನಿಕರದಿಂದ ನೋಡುತ್ತಿದ್ದಾರೆ.

ಖುರ್ಷಿದ್

*

ಭಾಲ್ಕಿ
೧೨ ಡಿಸೆಂಬರ ೧೯೪೬

ಖುರ್ಷಿದ್,

ನಾಚಿಕೆಯಿಂದ ಎರಡು ದಿನ ಪತ್ರ ಬರೆಯಲಾಗಲಿಲ್ಲ. ಆದರೂ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕಣ್ಣು ಚೆನ್ನಾಗಿದೆ, ಒಪ್ಪಿದೆ. ಕಾಲಿಲ್ಲದ ಮನುಷ್ಯ ಯಾರ ಮನೆಗೆ ಹೇಗೆ ಮುಟ್ಟುತ್ತಾನೆ?

ಸಮದ್ ಭಾಯಿಗೆ ಹೇಳು, ಔರಾದಕ್ಕೆ ತಾಯಿಯನ್ನು ನೋಡಲು ಹೋಗುವಾಗ ಭಾಲ್ಕಿಯಲ್ಲಿ ಇಳಿಯಲಿ. ಸೇದೋ ಬಾವಿಯ ಎದುರಿಗೆ ಏಳು ಹಿತ್ತಾಳೆ ಹೂವು ಬಡಿದ ಬಾಗಿಲು, ಅದೇ ನಮ್ಮ ಮನೆ. ಒಳ್ಳೆಯ ಪಾದ ಬರೆದು ತಂದರೆ ನಾನೇ ಬಾಗಿಲು ತೆಗೆದು ನನ್ನ ಕೈಯಾರೆ ತಂಬಿಗೆ ನೀರು ಕೊಡುತ್ತೇನೆ. ಕೆಟ್ಟದಾಗಿದ್ದರೆ ಹೊರಗೇ ನಿಲ್ಲಿಸುತ್ತೇನೆ. ಲಿಖಿತ ಮಾತು.

ಶಿವಕಾಂತಾ

*

ಭಾಲ್ಕಿ
೩೦ ಮೇ ೧೯೪೮

ಖುರ್ಷಿದ್,

ನಿನ್ನ ಮೂರು ಪತ್ರಗಳು ಬಂದಿವೆ. ನಾಲ್ಕನೆಯ ಚಿತ್ರ ಬಂದಿದೆ ಎಂದು ಬರೆದಿದ್ದೆ. ಇಲ್ಲಿಗೆ ತಂಬೂ ಸಿನಿಮಾ ಬಂದು ವರ್ಷವಾಯಿತು. ಬಂದರೂ ಯಾರು ಹೋಗುತ್ತಾರೆ?

ಫೆಬ್ರುವರಿಯಲ್ಲಿ ನನಗೆ ಹೆಣ್ಣು ಮಗು ಹುಟ್ಟಿತು. ಮಲಗುವುದಿಲ್ಲ. ಅದು ಮಲಗಿದರೂ ನಾನು ಮಲಗುವುದಿಲ್ಲ, ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ಕೂಡುತ್ತೇನೆ. ಇಂಟರ್ ಓದಿದವಳು ನಾನು, ಈ ಭಯಕ್ಕೆ ಓದು ಉಪಯೋಗಕ್ಕೆ ಬರಲಿಲ್ಲ.

ಈ ತಿಂಗಳು ಅತ್ತೆಯ ತವರಿನ ಹಳ್ಳಿಗೆ ಬೆಂಕಿ ಬಿತ್ತು. ಅತ್ತೆಯ ತಮ್ಮ ಕಣಜದಲ್ಲಿ ಅಡಗಿದ್ದರಂತೆ, ಅಲ್ಲೇ ಸುಟ್ಟರು. ಯಾರು ಎಂದು ನಾನು ಬರೆಯುವುದಿಲ್ಲ, ನಿನಗೆ ಗೊತ್ತು. ನನ್ನ ಮೈದುನ ಮಡೆಪ್ಪ ಬೂದಿಯಲ್ಲಿ ಮಾವನ ಬೆಳ್ಳಿ ಉಡದಾರ ಹುಡುಕಿ ತಂದು ಅತ್ತೆಯ ಮಡಿಲಲ್ಲಿ ಹಾಕಿ, ಅಂದೇ ನಿಜಾಮರ ಗಡಿಯಾಚೆ ಹೋರಾಟದವರ ಕ್ಯಾಂಪಿಗೆ ಹೋದ. ಹೋಗುವಾಗ ಅಂದ: “ವೈನಿ, ನಿಮ್ಮ ಗೆಳತಿ ಪತ್ರ ಇನ್ನ ಈ ಮನಿಗಿ ಬರಬಾರ್ದು ನೋಡ್ರಿ.”

ನಿನ್ನ ಪತ್ರ ಇನ್ನು ಸಾಲೆಯ ವಿಳಾಸಕ್ಕೆ ಬರುತ್ತದೆಂದು ನಮ್ಮವರಿಗೆ ಹೇಳಿದ್ದೇನೆ. ಅಲ್ಲಿಗೇ ಬರೆ.

ಶಿವಕಾಂತಾ

*

ಬೀದರ
೧೧ ಆಗಸ್ಟ ೧೯೪೮

ಶಿವಕಾಂತಾ,

“ನಿನಗೆ ಗೊತ್ತು” ಎಂದು ಬರೆದೆಯಲ್ಲ, ಆ ಮಾತಿನ ಮೇಲೆ ನಾನು ಬಹಳ ದಿನ ಕೂತೆ. ಗೊತ್ತು. ನಮ್ಮ ಓಣಿಯ ಹುಡುಗರೂ ರಜಾಕಾರರಾಗಿ ಖಾಕಿ ಹಾಕಿಕೊಂಡು ಓಡಾಡುತ್ತಾರೆ. ಸಮದ್‌ರನ್ನು ಕರೆಯಲು ಬಂದಿದ್ದರು. “ನಂಗ ಬ್ರಶ್ ಹಿಡ್ಯಾಕ ಬರ್ತದ, ಬಂದೂಕ ಬರಲ್ಲ” ಎಂದು ಕಳಿಸಿದರು. ಅಂದಿನಿಂದ ನಮ್ಮ ಬಾಗಿಲ ಮೇಲೆ ಡಾಂಬರಿನಲ್ಲಿ ಬೈಗುಳ ಬರೆದಿದ್ದಾರೆ. ಅಕ್ಷರ ಕೆಟ್ಟದಾಗಿದೆ ಎಂದಷ್ಟೇ ಅವರು ಅಂದರು.

ಕಾರಖಾನೆಗೆ ಬೀಗ ಬಿದ್ದಿದೆ. ಹೊರಗಿನಿಂದ ಏನೂ ಬರುತ್ತಿಲ್ಲ, ಬಣ್ಣವಿಲ್ಲ, ಫಿಲ್ಮಿಲ್ಲ. ಅಲ್ಲಿ ಬರೆಯುತ್ತಿದ್ದ ಹನ್ನೆರಡು ಮಂದಿಯೂ ತಮ್ಮ ತಮ್ಮ ಊರಿಗೆ ಹೋದರು. ನಾವು ನನ್ನ ತವರಿಗೆ ಬಂದೆವು. ಅವರು ಉಳಿದ ಹಾಳೆಗಳನ್ನು ತಗಡಿನ ಡಬ್ಬಿಯಲ್ಲಿ ತಂದಿದ್ದಾರೆ, ದಿನವಿಡೀ ಕಿಟಕಿಯ ಹತ್ತಿರ ಏನೋ ಬರೆಯುತ್ತಾರೆ. ನಿನಗೆ ಹೇಳಬಾರದು ಎಂದು ನನ್ನಿಂದ ಆಣೆ ಮಾಡಿಸಿದ್ದಾರೆ. ಹೇಳುವುದಿಲ್ಲ.

ಕೂಸಿಗೆ ನನ್ನ ಮುತ್ತು. ಮಲಗು ಶಿವಕಾಂತಾ, ಅದು ಉಸಿರಾಡುತ್ತದೆ.

ಖುರ್ಷಿದ್

*

ಬೀದರ
೯ ಅಕ್ಟೋಬರ ೧೯೪೮

ಶಿವಕಾಂತಾ,

ಒಂದೇ ಪ್ರಶ್ನೆ. ಸಮದ್ ನಿನ್ನ ಮನೆಗೆ ಬಂದಿದ್ದರೇ?

ಹಿಂದೂಸ್ತಾನದ ಫೌಜು ಬಂದು ನಾಲ್ಕನೆಯ ದಿನ, ಸೆಪ್ಟೆಂಬರ ೨೧, ಮಂಗಳವಾರ, ತಾಯಿಯನ್ನು ಕರೆತರುತ್ತೇನೆಂದು ಔರಾದಕ್ಕೆ ಹೊರಟರು. ಹಳ್ಳಿಹಳ್ಳಿಯಲ್ಲಿ ನಮ್ಮವರನ್ನು ಹುಡುಕಿ ಕೊಲ್ಲುತ್ತಿದ್ದಾರೆ, ಬೇಡ ಎಂದು ಕಾಲು ಹಿಡಿದೆ. ಮುದುಕಿ ಒಬ್ಬಳೇ ಇದ್ದಾಳೆ ಎಂದರು. ಔರಾದದ ನೇರ ಸಡಕು ಬೇಡ, ಗಾಡಿ ಹತ್ತಿ ಭಾಲ್ಕಿಯಲ್ಲಿ ಇಳಿಯಿರಿ, ಶಿವಕಾಂತಾಳ ಮನೆಯಲ್ಲಿ ಹಗಲು ಕಳೆದು ಕತ್ತಲಾದ ಮೇಲೆ ಹೋಗಿ ಎಂದು ನಾನೇ ಹೇಳಿದೆ. ಡಬ್ಬಿಯನ್ನೂ ತೆಗೆದುಕೊಂಡರು. ಏಳು ಹಿತ್ತಾಳೆ ಹೂವಿನ ಬಾಗಿಲು, ಬಾವಿಯ ಎದುರಿಗೆ. ಬಾಯಿಪಾಠ ಮಾಡಿಸಿ ಕಳಿಸಿದೆ.

ಔರಾದಕ್ಕೆ ಮುಟ್ಟಿಲ್ಲ. ಬಂದಿದ್ದರೆ ಹೇಳು. ಬಂದಿರದಿದ್ದರೂ ಹೇಳು.

ಖುರ್ಷಿದ್

*

ಭಾಲ್ಕಿ
೧೭ ಅಕ್ಟೋಬರ ೧೯೪೮

ಖುರ್ಷಿದ್,

ಇಲ್ಲ. ಯಾರೂ ಬಂದಿಲ್ಲ. ಆ ದಿನ ನಾವು ಮನೆಯಲ್ಲೇ ಇರಲಿಲ್ಲ, ಸೋದರತ್ತೆಯ ಮನೆಗೆ ಹೋಗಿದ್ದೆವು. ಕೂಸಿಗೆ ಜ್ವರ ಬೇರೆ, ಇಡೀ ದಿನ ಬಾಗಿಲು ಹಾಕಿಕೊಂಡು ಒಳಗೇ ಇದ್ದೆವು. ಸಮದ್ ಭಾಯಿ ಎಲ್ಲೋ ಸುರಕ್ಷಿತವಾಗಿ ಇದ್ದಾರು. ಬಹಳ ಜನ ಹೈದರಾಬಾದಿಗೆ ಹೋಗಿದ್ದಾರಂತೆ. ನೀನು ಊಟ ಬಿಡಬೇಡ.

ಶಿವಕಾಂತಾ

*

ಬೀದರ
೨೦ ಡಿಸೆಂಬರ ೧೯೪೮

ಶಿವಕಾಂತಾ,

ಹೈದರಾಬಾದಿಗೂ ಹೋಗಿ ಬಂದೆ. ಬೀಗ ಹಾಗೇ ಇದೆ.

ಅತ್ತೆ ತಾವೇ ನಡೆದು ಔರಾದದಿಂದ ಬಂದರು. ನಮ್ಮಿಬ್ಬರಲ್ಲಿ ಯಾರು ಮೊದಲು ಅಳಬೇಕೆಂದು ತಿಳಿಯದೆ ಎದುರುಬದುರು ಕೂತಿರುತ್ತೇವೆ. ಖಾಜಿ ಸಾಹೇಬರನ್ನು ಕೇಳಿದೆ. ಗಂಡ ಸತ್ತಿದ್ದರೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಎಂದು ಶೋಕದಲ್ಲಿ ಕೂಡಬೇಕು, ಸುದ್ದಿಯೇ ಇಲ್ಲದಿದ್ದರೆ ಹೆಂಡತಿಯಾಗಿಯೇ ಕಾಯಬೇಕು, ವರ್ಷಗಟ್ಟಲೆ. ನಾನು ಯಾವುದು? ಬೆಳಿಗ್ಗೆ ಬಳೆ ತೆಗೆಯುತ್ತೇನೆ, ಅಪಶಕುನವೆಂದು ಮತ್ತೆ ಇಟ್ಟುಕೊಳ್ಳುತ್ತೇನೆ. ಸತ್ತರೆಂದಾದರೂ ಯಾರಾದರೂ ಹೇಳಿದರೆ ಅವರ ಪಾದ ತೊಳೆಯುತ್ತೇನೆ.

ನಿನ್ನಲ್ಲಿ ಒಂದು ಬೇಡುತ್ತೇನೆ. ಇಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ನೀನು ನನ್ನೊಂದಿಗೆ ಜಗಳ ಆಡು. ಆಯಿನಾದವರು ಕೆಟ್ಟರು ಎನ್ನು. ಪಾದ ಬರೆಯಲು ಬಾರದವ ಎಂದು ಬಯ್ಯಿ. ನೀನು ಬಯ್ದರೆ ಅವರು ಒಳಗಿನ ಖೋಲಿಯಲ್ಲಿ ಕೂತು ಕೇಳುತ್ತಿದ್ದಾರೆ ಎನಿಸುತ್ತದೆ.

ಖುರ್ಷಿದ್

*

ಭಾಲ್ಕಿ
೧೫ ಜನೆವರಿ ೧೯೪೯

ಖುರ್ಷಿದ್,

ಬಯ್ಯಬೇಕೆಂದು ಮೂರು ಸಲ ಕಾಗದ ಹಿಡಿದೆ. ಆಗಲಿಲ್ಲ. ಈ ಸಲ ಸೋತವಳು ನಾನು, ಸೋತೆ ಎಂದೇ ಬರೆಯುತ್ತೇನೆ.

ಉದಗೀರದ ಕಡೆಯಿಂದ ತಂಬೂ ಸಿನಿಮಾದವರು ಬಂದಿದ್ದರು. ಮೊದಲಿಗೆ ಆಯಿನಾದವರ ಚಿಕ್ಕ ಚಿತ್ರ. ಹೊಸದು. ಹೊಲವಿಲ್ಲ, ಗೋಡೆಯಿಲ್ಲ, ಧೂಳಿಲ್ಲ, ಬರೀ ನೆಲ. ಭಿಸ್ತಿಯ ಎರಡೂ ಪಾದ ಹೆಬ್ಬೆರಳಿನಿಂದ ಹಿಮ್ಮಡಿಯ ತನಕ ಕಾಣುತ್ತವೆ, ಹಿಮ್ಮಡಿಯ ಬಿರುಕು ಕೂಡ. ಮೊದಲು ತೆರೆದ ಬಾಗಿಲಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ತಂಬಿಗೆ. ಅವಳಿಗೆ ಮುಖವೇ ಇಲ್ಲ, ಸೆರಗಿನ ಒಳಗೆ ಬರೀ ಖಾಲಿ. ಬೇಕೆಂದೇ ಬಿಟ್ಟಿದ್ದಾರೆ, ಎಂಥ ಯೋಚನೆ! ಬಾಗಿಲು ಮುಚ್ಚುತ್ತದೆ. ಭಿಸ್ತಿ ಬೆನ್ನು ತಿರುಗಿಸುವುದಿಲ್ಲ, ಬಾಗಿಲನ್ನೇ ನೋಡುತ್ತ ಹಿಂದಹಿಂದಕ್ಕೆ ಸರಿಯುತ್ತಾನೆ. ಅವನ ಒದ್ದೆ ಹೆಜ್ಜೆಗಳು ಒಂದೊಂದೇ ಅಳಿಯುತ್ತವೆ. ಪಾದ ಇಟ್ಟು ಎತ್ತಿದ ಕಡೆ ಗುರುತೇ ಇಲ್ಲ. ಕೊನೆಗೆ ಖಾಲಿ ದಾರಿ, ಯಾರೂ ಬಂದೇ ಇರಲಿಲ್ಲವೆಂಬಂತೆ.

ಇಂಥ ಚಿತ್ರವನ್ನು ನಾನು ನೋಡಿಲ್ಲ. ನಿನ್ನ ಕಣ್ಣು, ನನ್ನ ಹನಿ, ಎಲ್ಲವನ್ನೂ ಇದು ಮೀರಿತು. ಸಮದ್ ಭಾಯಿಗೆ ಪಾದ ಬರುತ್ತದೆ. ನಾನು ತಪ್ಪಿದೆ.

ಶಿವಕಾಂತಾ

*

ಬೀದರ
೨೮ ಜನೆವರಿ ೧೯೪೯

ಶಿವಕಾಂತಾ,

ಆ ಚಿತ್ರವನ್ನು ಯಾವ ತಂಬುವಿನಲ್ಲೂ ತೋರಿಸಿಲ್ಲ. ತೋರಿಸಲು ಅದು ಸಿನಿಮಾವೇ ಅಲ್ಲ. ಫಿಲ್ಮಿಲ್ಲದೆ ಅದರ ಫೋಟೋ ತೆಗೆದಿಲ್ಲ. ಅದು ಇದ್ದದ್ದು ನಲವತ್ತಮೂರು ಹಾಳೆಗಳ ಮೇಲೆ, ಆ ಹಾಳೆಗಳು ಇದ್ದದ್ದು ತಗಡಿನ ಡಬ್ಬಿಯಲ್ಲಿ, ಡಬ್ಬಿ ಅವರ ಕೈಯಲ್ಲಿತ್ತು.

ಬಾಗಿಲು ತಟ್ಟಿದರೇ? ಎಷ್ಟು ಸಲ? ನೀರು ಕೇಳಿದರೇ?

ಖುರ್ಷಿದ್

*

ಭಾಲ್ಕಿ
೯ ಫೆಬ್ರುವರಿ ೧೯೪೯

ಖುರ್ಷಿದ್,

ಮೂರು ಸಲ ತಟ್ಟಿದರು. ಮಧ್ಯಾಹ್ನ, ಊಟದ ಹೊತ್ತು. ನೀರು ಕೇಳಲಿಲ್ಲ.

ಮಡೆಪ್ಪ ಕ್ಯಾಂಪಿನಿಂದ ಹಿಂದಿನ ದಿನವೇ ಬಂದಿದ್ದ. ಹಿತ್ತಲಿನಲ್ಲಿ ಅವನೂ ನಾಲ್ವರು ಗೆಳೆಯರೂ ಊಟಕ್ಕೆ ಕೂತಿದ್ದರು. ಅತ್ತೆ ಬಡಿಸುತ್ತಿದ್ದರು. ಪಡಸಾಲೆಯಲ್ಲಿ ನಾನು, ಕೂಸು. ಬಾಗಿಲಿನ ಆಚೆಯಿಂದ ಮೆಲ್ಲಗೆ ಅಂದರು: “ಶಿವಕಾಂತಾ ಬಾಯಿ, ನಾ ಖುರ್ಷಿದಳ ಮನಿಯವ. ಹೊತ್ತ ಮುಣುಗೋ ತನಕ ದನದ ಕೊಟ್ಟಿಗ್ಯಾಗ ಕೂಡ್ತೇನಿ ರೀ. ಬ್ಯಾರೆ ಏನೂ ಬ್ಯಾಡ.” ನನ್ನ ಕೈ ಅಗುಳಿಯ ಮೇಲೇ ಇತ್ತು. ತೆಗೆದಿದ್ದರೆ ಸಪ್ಪಳವಾಗುತ್ತಿತ್ತು, ಹಿತ್ತಲಿಗೆ ಕೇಳುತ್ತಿತ್ತು. ಅವರನ್ನು ಉಳಿಸಲೆಂದೇ ತೆಗೆಯಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಾನು ಹೆದರಿದ್ದು ನನಗೆ, ನನ್ನ ಕೂಸಿಗೆ.

ಆಗ ಕೂಸು ಅತ್ತಿತು. ಬಾಯಿಗೆ ಎದೆ ಒತ್ತಿದೆ, ಉಸಿರುಗಟ್ಟುವ ಹಾಗೆ. ಅಳು ನಿಂತಿತು. ಒಳಗೆ ನಾನಿದ್ದೇನೆಂದು ಅವರಿಗೆ ತಿಳಿಯಿತು. ಇನ್ನೂ ಮೆಲ್ಲಗೆ ಅಂದರು: “ಕೂಸಿಗಿ ನೋಡ್ರಿ ಬಾಯಿ, ಅಳ್ತದ. ಪಾದ ಆಗ್ಯಾವ. ಇಲ್ಲೇ ಇಟ್ಟ ಹೋಗ್ತೇನಿ.” ಆಮೇಲೆ ಹೆಜ್ಜೆ ಸಪ್ಪಳ. ಕಟ್ಟೆಯ ಮೇಲೆ ಡಬ್ಬಿ ಇತ್ತು. ತಂದು ಕಾಳಿನ ಗಡಿಗೆಯ ಹಿಂದೆ ಮುಚ್ಚಿಟ್ಟೆ.

ಊಟ ಮುಗಿಸಿ ಮಡೆಪ್ಪ, ಗೆಳೆಯರು ಹೊರಗೆ ಹೋದರು. ಎಲ್ಲಿಗೆ ಎಂದು ನಾನು ಕೇಳಿಲ್ಲ. ಇವತ್ತಿನ ತನಕ ಕೇಳಿಲ್ಲ. ಮೂರನೆಯ ದಿನ ಅತ್ತೆ ಬಾವಿಯಿಂದ ಬಂದು ಹೇಳಿದರು: “ಔರಾದ ಸಡಕಿನ ಹಳ್ಳದಾಗ ಒಬ್ಬಾವ ಸತ್ತ ಬಿದ್ದಾನಂತ. ಕೈ ಬೆರಳಿಗೆಲ್ಲ ಕರಿ ಮಸಿ ಅದ ಅಂತ. ಯಾವ ಸಾಲಿ ಮಾಸ್ತರೋ ಏನೋ, ಪಾಪ.” ಅಲ್ಲೇ ಮಣ್ಣು ಮಾಡಿದರಂತೆ. ಹೀಗೆ ನನಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೇ ನಿನಗೆ ಇಲ್ಲವೆಂದು ಬರೆದೆ.

ಮನೆಯಲ್ಲಿ ಯಾರೂ ಇಲ್ಲದಾಗ ಡಬ್ಬಿ ತೆಗೆದೆ. ಒಂದು ಬದಿಗೆ ದಾರದಿಂದ ಹೊಲಿದ ಕಟ್ಟು. ಪುಸ್ತಕದಂತೆ ಹಿಡಿದು, ಹಿಂದೆ ಬಿಳಿ ಕಾಗದ ಇಟ್ಟು, ಒಂದೊಂದೇ ಹಾಳೆ ತಿರುವಿದೆ. ಆ ಬಾಗಿಲಿಗೆ ಏಳು ಹಿತ್ತಾಳೆ ಹೂವುಗಳಿದ್ದವು. ನನ್ನ ಬಾಗಿಲು. ಅದು ಮುಚ್ಚಿತು, ಅವನು ಹಿಂದಕ್ಕೆ ಹೋದ. ನಾನು ಏನು ಮಾಡುತ್ತೇನೆಂದು ಅವರು ಮೊದಲೇ ತಿಳಿದು ಬರೆದಿಟ್ಟಿದ್ದರು. ಮುಖವಿಲ್ಲದವಳು ನಾನು. ದಿನಾ ಅದನ್ನು ನೋಡುತ್ತೇನೆ. ಅವರನ್ನು ಹೊಗಳದೆ ಇರಲಾಗಲಿಲ್ಲ, ಅದಕ್ಕೇ ನಿನಗೆ ಬರೆದೆ. ಅಷ್ಟೂ ಕೊಡದೆ ಹೋದರೆ ಏನು ಕೊಟ್ಟಂತಾಯಿತು?

ಡಬ್ಬಿಯನ್ನು ರಜಿಸ್ಟರ್ ಅಂಚೆಯಲ್ಲಿ ಕಳಿಸಲೇ? ಕ್ಷಮಿಸು ಎಂದು ಬರೆಯುವುದಿಲ್ಲ.

ಶಿವಕಾಂತಾ

*

ಬೀದರ
೨ ಮಾರ್ಚ ೧೯೪೯

ಶಿವಕಾಂತಾ,

ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಆಮೇಲೆ ಖಾಜಿ ಸಾಹೇಬರಿಗೆ. ಅವರು ಬೆರಳು ಮಡಿಸಿ ಎಣಿಸಿ ಹೇಳಿದರು, ಇದ್ದತ್ ಸುದ್ದಿ ತಿಳಿದ ದಿನದಿಂದ ಅಲ್ಲ, ಸತ್ತ ದಿನದಿಂದ. ನಾಲ್ಕು ತಿಂಗಳು ಹತ್ತು ದಿನ ಜನೆವರಿಯಲ್ಲೇ ಮುಗಿದುಹೋಗಿವೆ. ನಾನು ಕೂಡದೆಯೇ ಮುಗಿದವು. ಕೈತುಂಬ ಬಳೆ ಇಟ್ಟುಕೊಂಡು, ಬಾಗಿಲ ಸಪ್ಪಳಕ್ಕೆ ಎದ್ದು ಓಡುತ್ತ, ನಿನಗೆ ಜಗಳ ಆಡು ಎಂದು ಬರೆಯುತ್ತ ನನ್ನ ದುಃಖದ ದಿನಗಳು ಮುಗಿದವು. ಬಾಗಿಲು ತೆಗೆಯದೆ ಹೋದದ್ದು ನಿನ್ನ ಹೆದರಿಕೆ, ಅದನ್ನು ನಾನು ಅಳೆಯಲಾರೆ. ಆದರೆ ಈ ದಿನಗಳನ್ನು ನನ್ನಿಂದ ತೆಗೆದುಕೊಂಡವಳು ನೀನು.

ಡಬ್ಬಿಯನ್ನು ಅಂಚೆಗೆ ಹಾಕಬೇಡ. ನಾನೇ ಬಂದು ಒಯ್ಯುತ್ತೇನೆ. ತಟ್ಟುತ್ತೇನೆ, ತೆಗೆಯುವುದು ಬಿಡುವುದು ನಿನಗೆ ಬಿಟ್ಟದ್ದು.

ನಾನು ಬರುವ ಮುಂಚೆ ಒಂದು ಕೆಲಸ ಮಾಡು. ನೀನು ಆ ಕಟ್ಟನ್ನು ಕನ್ನಡ ಪುಸ್ತಕದಂತೆ ಹೊಲಿಗೆ ಎಡಕ್ಕೆ ಬರುವ ಹಾಗೆ ಹಿಡಿದು ತಿರುವಿದ್ದೀಯೆ. ಅವರು ಹೊಲಿದದ್ದು ಉರ್ದು ಕಿತಾಬಿನಂತೆ, ಹೊಲಿಗೆ ಬಲಕ್ಕೆ ಬರಬೇಕು. ಹಾಳೆ ಪಾರದರ್ಶಕ, ಯಾವ ಬದಿಯಿಂದಲೂ ಚಿತ್ರ ಕಾಣುತ್ತದೆ, ಅದಕ್ಕೆ ನಿನಗೆ ತಿಳಿಯಲಿಲ್ಲ. ನೀನು ಕೊನೆಯಿಂದ ಮೊದಲಿಗೆ ನೋಡಿದೆ. ಡಬ್ಬಿ ತೆಗೆದುಕೋ, ತಿರುಗಿಸಿ ಹಿಡಿ. ಖಾಲಿ ದಾರಿ. ಭಿಸ್ತಿ ಬರುತ್ತಾನೆ. ಪಾದ ಎತ್ತಿದ ಕಡೆಯೆಲ್ಲ ಒದ್ದೆ ಹೆಜ್ಜೆ ಮೂಡುತ್ತದೆ, ಒಂದೂ ಅಳಿಯುವುದಿಲ್ಲ. ಬಾಗಿಲ ತನಕ ಬರುತ್ತಾನೆ. ಬಾಗಿಲು ತೆರೆಯುತ್ತದೆ. ಜನ್ಮವಿಡೀ ಬೇರೆಯವರಿಗೆ ನೀರು ಹೊತ್ತವನಿಗೆ ಒಬ್ಬಳು ನೀರು ತಂದಿದ್ದಾಳೆ. ನೀನು ಆ ಪತ್ರದಲ್ಲಿ ಲಿಖಿತ ಮಾತು ಕೊಟ್ಟಿದ್ದೆಯಲ್ಲ, ಅದನ್ನೇ ಬರೆದಿದ್ದರು.

ಮುಖ ಯಾಕೆ ಇಲ್ಲ ಎಂದು ನಾನೂ ಕೇಳಿದ್ದೆ, ಹೊರಡುವ ದಿನ, ಡಬ್ಬಿ ಯಾಕೆ ಒಯ್ಯುತ್ತೀರಿ ಎಂದು ಜಗಳ ಆಡುವಾಗ. ಚಪ್ಪಲಿ ಮೆಟ್ಟುತ್ತ ಅಂದರು: “ನಾ ಇನ್ನ ಅವರಿಗಿ ನೋಡಿಲ್ಲಲ್ಲ. ಬಾಗಿಲ ತೆಗದಾಗ ನೋಡ್ಕೊಂಡ, ಅಲ್ಲೇ ಕೂತ ಬರೀತೇನಿ.”

ಖುರ್ಷಿದ್